ಬ್ರಹ್ಮಗಿರಿ ಬಂಡೆಯ ಮೂರು ಅಂಕಿಗಳನ್ನು ಟೈಪ್ ಮಾಡಿದ್ದು

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇದೆ ಅಂತ ನಾವೆಲ್ಲ ಶಾಲೆಯಲ್ಲೇ ಓದಿದ್ದೇವೆ. ಅದರಲ್ಲಿ ಒಂದು ಸಂಖ್ಯೆಯೂ ಇದೆ ಅನ್ನೋದು ಬಹಳ ಜನರಿಗೆ ಗೊತ್ತಿಲ್ಲ. ಶಾಸನದ ಮೊದಲ ಭಾಗ ಮುಗಿಯುವಲ್ಲಿ, ‘ವ್ಯುಥೇನ’ ಎಂಬ ಮಾತಿನ ಪಕ್ಕದಲ್ಲಿ, ಮೂರು ಗುರುತುಗಳಿವೆ. ಅವು ಅಕ್ಷರಗಳಲ್ಲ, ಅಂಕಿಗಳು. ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ನಮ್ಮ ನೆಲದ ಕಲ್ಲಿನ ಮೇಲೆ ಕೊರೆದ ಸಂಖ್ಯೆ ಅದು. ಆ ಮೂರು ಗುರುತುಗಳನ್ನು ಕಂಪ್ಯೂಟರಿಗೆ ಸರಿಯಾಗಿ ಏರಿಸಲು ಏನೆಲ್ಲ ಮಾಡಬೇಕಾಯಿತು ಅಂತ ಇಲ್ಲಿ ಬರೆಯುತ್ತಿದ್ದೇನೆ.

ನಾವು ಕೆಲವು ಗೆಳೆಯರು ಸೇರಿ ಕರ್ನಾಟಕದ ಪ್ರಾಕೃತ ಶಾಸನಗಳ ಪಾಠವನ್ನು ಟೈಪ್ ಮಾಡುತ್ತಿದ್ದೇವೆ. ನಮಗೆ ಬೇಕಾದದ್ದು ಸ್ಕ್ಯಾನ್ ಅಲ್ಲ, ಫೋಟೊ ಅಲ್ಲ. ಹುಡುಕಿದರೆ ಸಿಗುವ, ಎಣಿಸಿದರೆ ಲೆಕ್ಕಕ್ಕೆ ಬರುವ ಪಠ್ಯ. ಮೂಲ ಬ್ರಾಹ್ಮಿಯಲ್ಲೊಂದು ಸಾಲು, ಅದರ ಕೆಳಗೆ ಕನ್ನಡ ಲಿಪಿಯಲ್ಲೊಂದು ಸಾಲು. ನನ್ನ ಪಾಲಿಗೆ ಬಂದದ್ದು ಬ್ರಹ್ಮಗಿರಿ. ಬಿ. ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದ ಶಾಸನ. ಅದರ ಪಾಠವನ್ನು ಆಮೇಲೆ ಹಲವು ವಿದ್ವಾಂಸರು ತಿದ್ದಿ ತೀಡಿದ್ದಾರೆ. ಹಾಗಾಗಿ ಅಕ್ಷರಗಳ ಭಾಗದಲ್ಲಿ ಹೆಚ್ಚು ತಲೆಬಿಸಿ ಇರಲಿಲ್ಲ. ಕನ್ನಡದಲ್ಲಿ ಬರೆದ ಪಾಠವನ್ನು ಲಿಪಿ ಬದಲಿಸುವ ಸಾಧನಕ್ಕೆ ಕೊಟ್ಟರೆ ಬ್ರಾಹ್ಮಿ ಸಿಗುತ್ತದೆ. ಒಂದೊಂದೇ ಅಕ್ಷರವನ್ನು ಪಡಿಯಚ್ಚಿನ (ಕಲ್ಲಿನ ಮೇಲೆ ಕಾಗದ ಒತ್ತಿ ತೆಗೆದ ಅಚ್ಚಿನ) ಜೊತೆ ತಾಳೆ ನೋಡಿದರೆ ಆಯಿತು.

ಸಂಖ್ಯೆ ಬಂದ ಕಡೆ ಮಾತ್ರ ಹಾಗೆ ಆಗಲಿಲ್ಲ. ಮುದ್ರಿತ ಪಾಠಗಳಲ್ಲಿ ಅಲ್ಲಿ 256 ಎಂದಿರುತ್ತದೆ. ಅದನ್ನೇ ೨೫೬ ಎಂದು ಕೊಟ್ಟು ನೋಡಿದೆ. ಬ್ರಾಹ್ಮಿಯ ಎರಡು, ಐದು, ಆರು ಸಾಲಾಗಿ ಬಂದವು. ಚಂದವಾಗಿಯೇ ಕಾಣುತ್ತಿತ್ತು. ಆದರೆ ಪಡಿಯಚ್ಚಿನಲ್ಲಿ ಇರುವುದು ಅದಲ್ಲ.

ನಮಗೆ ಶಾಸನ ಓದುವುದನ್ನು ಕಲಿಸಿದ ಮೇಷ್ಟ್ರಿಗೆ ಫೋನ್ ಮಾಡಿದೆ.

‘ಸರ್, ಇದನ್ನ 256 ಅಂತಲೇ ಹಾಕಿಬಿಡಲಾ? ಎಲ್ಲರೂ ಹಾಗೇ ಹಾಕಿದ್ದಾರೆ.’

‘ಕನ್ನಡದ ಸಾಲಿನಲ್ಲಿ ಹಾಕಮ್ಮ, ಯಾರು ಬೇಡ ಅಂದರು? ಬ್ರಾಹ್ಮಿ ಸಾಲಿನಲ್ಲಿ ಹಾಕಬೇಡ. ಬರೆದವನು ಎರಡು, ಐದು, ಆರು ಅಂತ ಬರೆದಿಲ್ಲ. ಇನ್ನೂರು, ಐವತ್ತು, ಆರು ಅಂತ ಬರೆದಿದ್ದಾನೆ.’

ವಿಷಯ ಇಷ್ಟೇ, ಆದರೆ ಎಲ್ಲವೂ ಇದರ ಮೇಲೇ ನಿಂತಿದೆ. ಅಶೋಕನ ಕಾಲದ ಬ್ರಾಹ್ಮಿ ಅಂಕಿಗಳಿಗೆ ಸ್ಥಾನಬೆಲೆ ಇಲ್ಲ. ಸೊನ್ನೆಯೂ ಇಲ್ಲ. ಒಂದರಿಂದ ಒಂಬತ್ತಕ್ಕೆ ಒಂದೊಂದು ಗುರುತು. ಹತ್ತು, ಇಪ್ಪತ್ತು, ಮೂವತ್ತು ಹೀಗೆ ತೊಂಬತ್ತರ ತನಕ ಬೇರೆ ಬೇರೆ ಗುರುತು. ನೂರಕ್ಕೊಂದು, ಸಾವಿರಕ್ಕೊಂದು. ಬೇಕಾದ ಗುರುತುಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಪಕ್ಕಪಕ್ಕದಲ್ಲಿ ಬರೆದು ಕೂಡಿಸಿಕೊಳ್ಳುವುದು. ನಾವು ಬಾಯಲ್ಲಿ ಇನ್ನೂರ ಐವತ್ತಾರು ಅನ್ನುತ್ತೇವಲ್ಲ, ಅದೇ ಕ್ರಮ. ಇದನ್ನು ಸ್ಥಾನಬೆಲೆಯ ಮೂರು ಅಂಕಿಗಳಾಗಿ ಬದಲಿಸಿ ‘ಮೂಲ ಪಾಠ’ ಅಂತ ಕರೆದರೆ, ಆ ಕಾಲದಲ್ಲಿ ಇಲ್ಲದ ಒಂದು ಗಣಿತವನ್ನು ಆ ಕಲ್ಲಿಗೆ ಅಂಟಿಸಿದ ಹಾಗಾಗುತ್ತದೆ. ಮುಂದೆ ಯಾರಾದರೂ ಸ್ಥಾನಬೆಲೆ ಯಾವಾಗ ಶುರುವಾಯಿತು ಅಂತ ನಮ್ಮ ಪಠ್ಯದಲ್ಲಿ ಹುಡುಕಿದರೆ, ಬ್ರಹ್ಮಗಿರಿಯಲ್ಲೇ ಇತ್ತು ಅಂತ ಉತ್ತರ ಸಿಗುತ್ತದೆ. ಇದು ಸಣ್ಣ ವಿಷಯ ಅಲ್ಲ.

ಇವು 200, 50, 6 ಅಂತ ವಿದ್ವಾಂಸರಿಗೆ ಹೇಗೆ ಗೊತ್ತಾಯಿತು? ಇದೇ ಶಾಸನದ ಪ್ರತಿಗಳು ಬೇರೆ ಕಡೆಯೂ ಇವೆ. ಬಿಹಾರದ ಸಹಸರಾಮ್‌ನ ಪ್ರತಿಯಲ್ಲಿ ಸಂಖ್ಯೆಯನ್ನು ಮಾತಿನಲ್ಲೂ ಬರೆದಿದ್ದಾರೆ, ಅಂಕಿಯಲ್ಲೂ ಬರೆದಿದ್ದಾರೆ. ‘ದುವೇ ಸಪಂನಾ ಲಾತಿಸತಾ’, ಅಂದರೆ ಇನ್ನೂರ ಐವತ್ತಾರು ರಾತ್ರಿಗಳು. ಪಕ್ಕದಲ್ಲೇ ಗುರುತುಗಳು. ಬೆಲೆ ಗಟ್ಟಿಯಾಗಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಾ? ಈ 256 ಬುದ್ಧನ ನಿರ್ವಾಣದಿಂದ ಕಳೆದ ವರ್ಷಗಳು ಎಂದು ಶಾಸನ ವಿದ್ವಾಂಸ ಬ್ಯೂಲರ್ ಒಂದು ಕಾಲದಲ್ಲಿ ವಾದಿಸಿದ್ದರು. ಅರಸ ಪ್ರವಾಸದಲ್ಲಿ ಕಳೆದ ರಾತ್ರಿಗಳು ಅನ್ನುವ ಅರ್ಥವನ್ನೇ ಈಗ ಹೆಚ್ಚಿನವರು ಒಪ್ಪುತ್ತಾರೆ.

ಸರಿ, ಬ್ರಾಹ್ಮಿಯ ಈ ಗುರುತುಗಳು ಲಿಪಿಗಳ ಪ್ರತಿ ಅಕ್ಷರಕ್ಕೂ ಒಂದೊಂದು ಕೋಡ್ ಕೊಡುವ ಪಟ್ಟಿಯಾದ ಯುನಿಕೋಡ್‌ನಲ್ಲಿ ಇವೆಯಾ? ಇವೆ. ಸ್ಟೆಫಾನ್ ಬಾಮ್ಸ್ ಮತ್ತು ಆಂಡ್ರ್ಯೂ ಗ್ಲಾಸ್ ಬರೆದ ಪ್ರಸ್ತಾವದ ಮೇಲೆ ಬ್ರಾಹ್ಮಿ ಲಿಪಿ 2010ರಲ್ಲಿ, ಯುನಿಕೋಡ್ 6.0ರಲ್ಲಿ ಸೇರಿತು. ಪಟ್ಟಿ ತೆರೆದು ನೋಡಿದಾಗ ಅಂಕಿಗಳು ಎರಡು ಗುಂಪಾಗಿ ಕಂಡವು. ಒಂದು ಗುಂಪಿನ ಹೆಸರು ‘ನಂಬರ್’. ಅದರಲ್ಲಿ 1ರಿಂದ 9, ಆಮೇಲೆ 10ರಿಂದ 90ರ ತನಕ ಹತ್ತುಗಳು, 100 ಮತ್ತು 1000. ಇನ್ನೊಂದು ಗುಂಪಿನ ಹೆಸರು ‘ಡಿಜಿಟ್’. ಅದರಲ್ಲಿ 0ಯಿಂದ 9. ಎರಡೂ ಗುಂಪಿನಲ್ಲಿ ಒಂದರಿಂದ ಒಂಬತ್ತು ಇದೆಯಲ್ಲ, ಸುಮ್ನೆ ಯಾಕೆ ಎರಡೆರಡು ಸಲ ಇಟ್ಟಿದ್ದಾರೆ ಅಂತ ಮೊದಲು ಅನ್ನಿಸುತ್ತದೆ. ಮೇಷ್ಟ್ರು ಹೇಳಿದ್ದನ್ನು ನೆನೆದರೆ ಕಾರಣ ತಾನಾಗಿಯೇ ತಿಳಿಯುತ್ತದೆ. ಮೊದಲ ಗುಂಪು ಕೂಡಿಸುವ ಹಳೆಯ ಪದ್ಧತಿಗೆ. ಎರಡನೆಯದು ನಂತರ ಬಂದ ಸ್ಥಾನಬೆಲೆಯ ಪದ್ಧತಿಗೆ. ಲಿಪಿ ಬದಲಿಸುವ ಸಾಧನ ನನಗೆ ಕೊಟ್ಟದ್ದು ಎರಡನೇ ಗುಂಪಿನವು. ಬ್ರಹ್ಮಗಿರಿಗೆ ಬೇಕಾದದ್ದು ಮೊದಲ ಗುಂಪು.

ಹೀಗೆ ಎರಡನ್ನೂ ಬೇರೆ ಇಟ್ಟವರ ಬಗ್ಗೆ ನನಗೆ ತುಂಬ ಗೌರವ. ರೂಪ ಹತ್ತಿರ ಇದೆ, ಒಂದೇ ಸಾಕು ಅಂತ ಬಿಟ್ಟಿದ್ದರೆ ಆ ವ್ಯತ್ಯಾಸ ಪಠ್ಯದಲ್ಲಿ ಉಳಿಯುತ್ತಲೇ ಇರಲಿಲ್ಲ.

ಈಗ ಟೈಪ್ ಮಾಡಬೇಕು. ಲಿನಕ್ಸ್‌ನಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ಯು ಒಟ್ಟಿಗೆ ಒತ್ತಿ, ಕೋಡ್ ಬರೆದು, ಎಂಟರ್ ಒತ್ತಿದರೆ ಅಕ್ಷರ ಮೂಡುತ್ತದೆ. ಆರಕ್ಕೆ 11057. ಬಂತು. ಐವತ್ತಕ್ಕೆ 1105ಎಫ್. ಅದೂ ಬಂತು. ಇನ್ನೂರಕ್ಕೆ? ಪಟ್ಟಿಯಲ್ಲಿ ಇನ್ನೂರು ಇಲ್ಲ. ನೂರಾದ ಮೇಲೆ ನೇರವಾಗಿ ಸಾವಿರ.

ಬ್ರಾಹ್ಮಿಯಲ್ಲಿ ಇನ್ನೂರು, ಮುನ್ನೂರನ್ನು ನೂರರ ಗುರುತಿಗೆ ಗೆರೆ ಸೇರಿಸಿ ಬರೆಯುತ್ತಿದ್ದರು. ನಾನೂರಕ್ಕೆ ನೂರರ ಗುರುತಿಗೆ ನಾಲ್ಕರ ಗುರುತನ್ನು ಅಂಟಿಸುತ್ತಿದ್ದರು. ಸಾವಿರಗಳಿಗೂ ಅದೇ ಕ್ರಮ. ಮಹಾರಾಷ್ಟ್ರದ ಜುನ್ನರ್ ಹತ್ತಿರದ ನಾಣೇಘಾಟ್‌ನಲ್ಲಿ ಶಾತವಾಹನರ ದೊಡ್ಡ ಶಾಸನವಿದೆ. ಯಜ್ಞಗಳಲ್ಲಿ ಕೊಟ್ಟ ದಕ್ಷಿಣೆಯ ಲೆಕ್ಕ ಅದರಲ್ಲಿದೆ. ಅಲ್ಲಿ ಹತ್ತು ಸಾವಿರ, ಇಪ್ಪತ್ತು ಸಾವಿರವನ್ನೂ ಸಾವಿರದ ಗುರುತಿಗೆ ಹತ್ತು, ಇಪ್ಪತ್ತರ ಗುರುತು ಸೇರಿಸಿಯೇ ಬರೆದಿದ್ದಾರೆ. ಹಾಗಾದರೆ ನೂರು ಮತ್ತು ನಾಲ್ಕನ್ನು ಪಕ್ಕದಲ್ಲಿ ಟೈಪ್ ಮಾಡಿದರೆ ಕಂಪ್ಯೂಟರಿಗೆ ಅದು ನೂರ ನಾಲ್ಕೋ, ನಾನೂರೋ? ಕಲ್ಲಿನ ಮೇಲೆ ಗೊಂದಲ ಇಲ್ಲ. ಅಂಟಿಕೊಂಡಿದ್ದರೆ ನಾನೂರು, ಬಿಡಿಯಾಗಿದ್ದರೆ ನೂರ ನಾಲ್ಕು. ಪಠ್ಯದಲ್ಲಿ ಆ ‘ಅಂಟು’ ಎಲ್ಲಿಂದ ಬರಬೇಕು?

ಇದಕ್ಕಾಗಿಯೇ 2014ರಲ್ಲಿ, ಯುನಿಕೋಡ್ 7.0ರಲ್ಲಿ, ಒಂದು ಹೊಸ ಕೋಡ್ ಸೇರಿತು. ಹೆಸರು ‘ಬ್ರಾಹ್ಮಿ ನಂಬರ್ ಜಾಯಿನರ್’, ಸಂಖ್ಯೆ 1107ಎಫ್. ಅದಕ್ಕೆ ತನ್ನದೇ ಬೆಲೆ ಇಲ್ಲ. ಎರಡು ಅಂಕಿಗಳನ್ನು ಜೋಡಿಸುವುದಷ್ಟೇ ಅದರ ಕೆಲಸ. ಕನ್ನಡ ಟೈಪ್ ಮಾಡುವವರಿಗೆ ಇದು ಹೊಸದೇನಲ್ಲ. ಕ, ಹಲಂತ, ಷ ಕೊಟ್ಟರೆ ಕ್ಷ ಆಗುತ್ತದೆ. ನಡುವಿನ ಹಲಂತ ತೆಗೆದರೆ ಕಷ ಎಂದು ಎರಡು ಬಿಡಿ ಅಕ್ಷರ. ನಮ್ಮ ಒತ್ತಕ್ಷರಕ್ಕೆ ಹಲಂತ ಮಾಡುವ ಕೆಲಸವನ್ನೇ ಬ್ರಾಹ್ಮಿ ಅಂಕಿಗಳಿಗೆ ಈ ಜಾಯಿನರ್ ಮಾಡುತ್ತದೆ. ನೂರು, ಜಾಯಿನರ್, ನಾಲ್ಕು ಅಂದರೆ ನಾನೂರು. ಜಾಯಿನರ್ ಇಲ್ಲದಿದ್ದರೆ ನೂರ ನಾಲ್ಕು.

ಹಾಗಾಗಿ ಬ್ರಹ್ಮಗಿರಿಯ ಸಂಖ್ಯೆ ಕಂಪ್ಯೂಟರಿನ ಒಳಗೆ ಹೀಗಿರುತ್ತದೆ: 11064, 1107ಎಫ್, 11053, 1105ಎಫ್, 11057. ನೂರು, ಜೋಡಣೆ, ಎರಡು, ಐವತ್ತು, ಆರು. ಕಲ್ಲಿನ ಮೇಲೆ ಮೂರು ಗುರುತು, ಪಠ್ಯದಲ್ಲಿ ಐದು ಕೋಡ್. ಇದನ್ನು ಮೊದಲ ಸಲ ಟೈಪ್ ಮಾಡಿದಾಗ ಆದ ಖುಷಿ ಹೇಳತೀರದು. ಬಂಡೆಯ ಮೇಲಿದ್ದದ್ದು ಅದೇ ಕ್ರಮದಲ್ಲಿ, ಅದೇ ಲೆಕ್ಕದಲ್ಲಿ ನನ್ನ ಕಡತದೊಳಗೆ ಕೂತಿತ್ತು.

ತೆರೆಯ ಮೇಲೆ ಮಾತ್ರ ಸುಲಭಕ್ಕೆ ಕಾಣಿಸಲಿಲ್ಲ. ಬ್ರಾಹ್ಮಿ ಫಾಂಟ್ ಇಲ್ಲದ ಕಡೆ ಬರೀ ಚೌಕಗಳು. ನೋಟೋ ಸಾನ್ಸ್ ಬ್ರಾಹ್ಮಿ ಹಾಕಿಕೊಂಡರೆ ಗುರುತುಗಳು ಬರುತ್ತವೆ. ಆದರೆ ಜೋಡಣೆ ಆಗಬೇಕಾದರೆ ಫಾಂಟ್ ಒಂದೇ ಸಾಲದು, ಅಕ್ಷರಗಳನ್ನು ಜೋಡಿಸಿ ತೋರಿಸುವ ತಂತ್ರಾಂಶವೂ ಈ ನಿಯಮವನ್ನು ಅರಿತಿರಬೇಕು. ಇಂಥ ಲಿಪಿಗಳಿಗೆಲ್ಲ ಒಂದೇ ವ್ಯವಸ್ಥೆ ಸಾಕಾಗಲಿ ಅಂತ ಮಾಡಿದ ಯೂನಿವರ್ಸಲ್ ಶೇಪಿಂಗ್ ಇಂಜಿನ್‌ನಲ್ಲಿ ಇದಕ್ಕೊಂದು ನಿಯಮವೇ ಇದೆ: ಅಂಕಿ, ಜಾಯಿನರ್, ಅಂಕಿ ಬಂದರೆ ಮೂರನ್ನೂ ಸೇರಿಸಿ ಒಂದೇ ಘಟಕ ಅಂತ ನೋಡು. ಹೊಸ ತಂತ್ರಾಂಶ ಇರುವ ಕಂಪ್ಯೂಟರಿನಲ್ಲಿ ಸರಿಯಾಗಿ ಕಂಡದ್ದು, ಒಬ್ಬ ಗೆಳೆಯನ ಹಳೆಯ ಫೋನಿನಲ್ಲಿ ಮೂರು ತುಂಡಾಗಿ ಕಂಡಿತು. ಅದಕ್ಕೆ ಅವನು, ‘ಎಲ್ಲರಿಗೂ ಕಾಣಲ್ಲ ಅಂದಮೇಲೆ ಚಿತ್ರ ಹಾಕಿಬಿಡೋಣ ಬಿಡು’ ಅಂದ. ನಾನು ಒಪ್ಪಲಿಲ್ಲ. ಫೋನು ಬದಲಾಗುತ್ತದೆ, ಫಾಂಟು ಸುಧಾರಿಸುತ್ತದೆ. ಕೋಡ್ ಸರಿಯಾಗಿದ್ದರೆ ಇವತ್ತು ಕಾಣದ್ದು ನಾಳೆ ತಾನಾಗಿ ಕಾಣುತ್ತದೆ. ಚಿತ್ರ ಹಾಕಿದರೆ ಅದು ಯಾವತ್ತೂ ಸಂಖ್ಯೆ ಆಗುವುದಿಲ್ಲ. ಚಿತ್ರವೂ ಇರಲಿ, ಪಕ್ಕದಲ್ಲಿ.

ಆಮೇಲೆ ಇನ್ನೊಂದು ತೊಡಕು. ಟೈಪ್ ಮಾಡಿದ್ದನ್ನು ಡೇಟಾಬೇಸಿಗೆ ಸೇರಿಸಿ, ತೆರೆದು ನೋಡಿದರೆ ಬ್ರಾಹ್ಮಿ ಸಾಲೇ ಖಾಲಿ! ಕನ್ನಡದ ಸಾಲು ಮಾತ್ರ ಸುರಕ್ಷಿತ. ಕಾರಣ ಹುಡುಕುವುದಕ್ಕೆ ಜಾಸ್ತಿ ಹೊತ್ತು ಹಿಡಿಯಿತು. ಯುನಿಕೋಡ್ ಅಕ್ಷರಗಳನ್ನು ಬೈಟುಗಳಾಗಿ ಉಳಿಸುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೆ 3 ಬೈಟ್ ಸಾಕು. ಬ್ರಾಹ್ಮಿ ಇರುವುದು ಯುನಿಕೋಡ್‌ನ ಮೊದಲ ಅರವತ್ತೈದು ಸಾವಿರ ಚಿಲ್ಲರೆ ಜಾಗಗಳ ಆಚೆ. ಅಲ್ಲಿನ ಪ್ರತಿ ಅಕ್ಷರಕ್ಕೂ 4 ಬೈಟ್ ಬೇಕು. ನಮ್ಮ ಡೇಟಾಬೇಸಿನ ಹಳೆಯ ಸೆಟ್ಟಿಂಗ್ 3 ಬೈಟಿಗಿಂತ ದೊಡ್ಡದನ್ನು ಇಟ್ಟುಕೊಳ್ಳುತ್ತಿರಲಿಲ್ಲ. 4 ಬೈಟಿನ ಅಕ್ಷರ ಬಂದ ಜಾಗದಿಂದ ಸಾಲನ್ನೇ ಕತ್ತರಿಸಿ, ಎಚ್ಚರಿಕೆಯನ್ನೂ ಕೊಡದೆ ಸುಮ್ಮನಾಗುತ್ತಿತ್ತು. ಸೆಟ್ಟಿಂಗ್ ಬದಲಿಸಿದ ಮೇಲೆ ಎಲ್ಲ ಸರಿಹೋಯಿತು. ಬ್ರಹ್ಮಗಿರಿಯ ಆ ಸಂಖ್ಯೆ 20 ಬೈಟಿನಲ್ಲಿ ಪೂರ್ತಿ ಕೂತಿತು. ಹಳೆಯ ಲಿಪಿಗಳ ಕೆಲಸ ಮಾಡುವವರು ಶುರುವಿನಲ್ಲೇ ಇದೊಂದನ್ನು ನೋಡಿಕೊಂಡರೆ ಒಳ್ಳೆಯದು. ಗ್ರಂಥ, ಮೋಡಿ, ನಂದಿನಾಗರಿ ಲಿಪಿಗಳೆಲ್ಲವೂ ಇದೇ 4 ಬೈಟಿನವು.

ಪಠ್ಯ ಉಳಿಯಿತು. ಅದನ್ನು ಸಂಖ್ಯೆ ಅಂತ ಕಂಪ್ಯೂಟರ್ ಅರ್ಥ ಮಾಡಿಕೊಳ್ಳುತ್ತದಾ? ಪ್ರೋಗ್ರಾಂ ಬರೆಯುವ ಭಾಷೆಯಾದ ಪೈಥಾನ್‌ನಲ್ಲಿ ‘೨೫೬’ ಎಂಬ ಕನ್ನಡ ಅಂಕಿಗಳನ್ನು ಕೊಟ್ಟು ಪೂರ್ಣಾಂಕ ಮಾಡು ಅಂದರೆ ಮಾಡಿಕೊಡುತ್ತದೆ. ಕನ್ನಡದ 0ಯಿಂದ 9 ಸ್ಥಾನಬೆಲೆಯ ಅಂಕಿಗಳು ಅಂತ ಯುನಿಕೋಡ್‌ನಲ್ಲಿ ದಾಖಲಾಗಿದೆ, ಅದಕ್ಕೆ. ಬ್ರಾಹ್ಮಿಯ ಹಳೆಯ ಗುಂಪನ್ನು ಕೊಟ್ಟರೆ ದೋಷ ತೋರಿಸುತ್ತದೆ. ಹಾಗೆ ತೋರಿಸುವುದೇ ಸರಿ, ಅವು ಸ್ಥಾನಬೆಲೆಯ ಅಂಕಿಗಳಲ್ಲವಲ್ಲ. ಆದರೆ ಒಂದೊಂದೇ ಗುರುತಿನ ಬೆಲೆ ಕೇಳಿದರೆ ಹೇಳುತ್ತದೆ: ಇದು ನೂರು, ಇದು ಐವತ್ತು, ಇದು ಆರು. ಆ ಬೆಲೆಗಳನ್ನು ಯುನಿಕೋಡ್ ಪಟ್ಟಿಯಲ್ಲೇ ಬರೆದಿಟ್ಟಿದ್ದಾರೆ. ಅದನ್ನು ಹಿಡಿದುಕೊಂಡು ಒಂದು ಚಿಕ್ಕ ಪ್ರೋಗ್ರಾಂ ಬರೆದೆ. ನಿಯಮ ಎರಡೇ. ನಡುವೆ ಜಾಯಿನರ್ ಇದ್ದರೆ ಗುಣಿಸು, ಇಲ್ಲದಿದ್ದರೆ ಕೂಡಿಸು. ನೂರನ್ನು ಎರಡರಿಂದ ಗುಣಿಸಿ, ಐವತ್ತು ಕೂಡಿಸಿ, ಆರು ಕೂಡಿಸಿ, 256 ಅಂತ ಉತ್ತರ ಬಂತು.

ಆ ಉತ್ತರವನ್ನು ಮೂಲದ ಮೇಲೆ ಬರೆಯದೆ ಪಕ್ಕದಲ್ಲಿ ಬರೆದೆವು. ಶಾಸನಗಳಿಗಾಗಿ ಎಪಿಡಾಕ್ ಎಂಬ ಗುರುತು ಹಾಕುವ ಪದ್ಧತಿ ಇದೆ. ಅದರಲ್ಲಿ ಸಂಖ್ಯೆ ಬಂದ ಕಡೆ ಒಂದು ಟ್ಯಾಗ್ ಸುತ್ತಿ, ಒಳಗೆ ಮೂಲದ ಗುರುತುಗಳನ್ನು ಹಾಗೇ ಇಟ್ಟು, ಬೆಲೆ ಇಷ್ಟು ಅಂತ ಟ್ಯಾಗಿನ ಮೇಲೆ ಬರೆಯಬಹುದು. ಈಗ ಯಾರಾದರೂ 256 ಅಂತ ಹುಡುಕಿದರೂ ಸಿಗುತ್ತದೆ, ‘ಜಾಯಿನರ್ ಬಂದಿರುವ ಸಂಖ್ಯೆಗಳೆಲ್ಲ ಬೇಕು’ ಅಂತ ಹುಡುಕಿದರೂ ಸಿಗುತ್ತದೆ. ಓದುವವನಿಗೆ ಬೇಕಾದದ್ದು ಒಂದು, ಬರೆದವನು ಬರೆದದ್ದು ಇನ್ನೊಂದು. ಎರಡನ್ನೂ ಇಡಲು ಜಾಗ ಇರುವಾಗ ಒಂದನ್ನು ಯಾಕೆ ಬಿಡಬೇಕು?

ರೂಪದ ಬಗ್ಗೆಯೂ ಹೇಳಬೇಕು. ಫಾಂಟಿನಲ್ಲಿ ಇನ್ನೂರರ ರೂಪ ಒಂದೇ. ಕಲ್ಲುಗಳಲ್ಲಿ ಹಾಗಿಲ್ಲ. ಅಶೋಕನ ಶಾಸನಗಳಲ್ಲೇ ಊರಿಂದ ಊರಿಗೆ 50 ಮತ್ತು 200ರ ಆಕಾರ ಬೇರೆ. ಬ್ಯೂಲರ್ ತಮ್ಮ ಅಂಕಿ ಪಟ್ಟಿಯಲ್ಲಿ ಇವನ್ನು ಬೇರೆ ಬೇರೆಯಾಗಿಯೇ ಬರೆದು ತೋರಿಸಿದ್ದಾರೆ. ಬ್ರಹ್ಮಗಿರಿಯ ಪಕ್ಕದ ಸಿದ್ದಾಪುರದಲ್ಲಿ ಇದೇ ಶಾಸನದ ಇನ್ನೊಂದು ಪ್ರತಿ ಇದೆ, ಅಲ್ಲೂ ಇದೇ ಸಂಖ್ಯೆ. ನಮ್ಮ ಗುಂಪಿನ ಕೆಲವರಿಗೆ ಬ್ರಹ್ಮಗಿರಿಯ ಐವತ್ತಕ್ಕೊಂದು, ಸಹಸರಾಮ್‌ನ ಐವತ್ತಕ್ಕೊಂದು ಬೇರೆ ಕೋಡ್ ಇರಬೇಕಿತ್ತು ಅನ್ನಿಸಿತು. ನನಗೆ ಹಾಗನ್ನಿಸುವುದಿಲ್ಲ. ಕೋಡ್ ಇರುವುದು ‘ಇದು ಐವತ್ತು’ ಅಂತ ಹೇಳಲು. ಅದರ ಬಾಗು ಎಷ್ಟು, ಗೆರೆ ಯಾವ ಕಡೆ ಅನ್ನೋದನ್ನು ಫೋಟೊ ಹೇಳಲಿ, ಪಡಿಯಚ್ಚು ಹೇಳಲಿ. ಬೆಂಗಳೂರಿನವರು ಬರೆಯುವ ‘ಅ’ಗೂ ಧಾರವಾಡದವರು ಬರೆಯುವ ‘ಅ’ಗೂ ಬೇರೆ ಕೋಡ್ ಕೇಳುವುದಿಲ್ಲ, ಅಲ್ವಾ?

ಬ್ರಹ್ಮಗಿರಿ ಶಾಸನದ ಕೊನೆಯಲ್ಲಿ ಅದನ್ನು ಬರೆದವನ ಹೆಸರಿದೆ, ಚಪಡ. ಶಾಸನವೆಲ್ಲ ಬ್ರಾಹ್ಮಿಯಲ್ಲಿ ಬರೆದ ಅವನು ‘ಲಿಪಿಕರೇಣ’ ಎಂಬ ತನ್ನ ಕಸುಬಿನ ಮಾತನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ. ಅದು ವಾಯವ್ಯ ಭಾರತದ ಲಿಪಿ, ಬಲದಿಂದ ಎಡಕ್ಕೆ ಓಡುತ್ತದೆ. ಟೈಪ್ ಮಾಡುವಾಗ ಆ ಮಾತು ಬಂದ ತಕ್ಷಣ ಕರ್ಸರ್ ದಿಕ್ಕು ಬದಲಿಸುತ್ತದೆ. ಖರೋಷ್ಠಿ 2005ರಲ್ಲೇ ಯುನಿಕೋಡ್ ಸೇರಿದೆ, ಅದರ ಅಂಕಿಗಳೂ ಸೇರಿವೆ: 1, 2, 3, 4, 10, 20, 100, 1000. ಐದರಿಂದ ಒಂಬತ್ತಕ್ಕೆ ಬೇರೆ ಗುರುತೇ ಇಲ್ಲ, ನಾಲ್ಕಕ್ಕೆ ಒಂದು ಸೇರಿಸಿ ಐದು. ಒಂದೇ ದೇಶ, ಒಬ್ಬನೇ ಅರಸ, ಎಣಿಸುವ ಕ್ರಮ ಮಾತ್ರ ಎರಡು.

ಬ್ರಹ್ಮಗಿರಿ ಮುಗಿದ ಮೇಲೆ ಉಳಿದವು ಬೇಗ ಬೇಗ ಆದವು. ಕಲಬುರಗಿ ಜಿಲ್ಲೆಯ ಸನ್ನತಿಯ ಪಕ್ಕ, ಭೀಮಾ ನದಿಯ ದಂಡೆಯ ಕನಗನಹಳ್ಳಿಯಲ್ಲಿ ಸಿಕ್ಕ ಸ್ತೂಪದ ಕಲ್ಲೊಂದರ ಮೇಲೆ ಶಾತವಾಹನ ಛಿಮುಕನ ಆಳ್ವಿಕೆಯ ವರ್ಷ ಬರೆದಿದೆ. ಹತ್ತು, ಆರು. ಅಂದರೆ ಹದಿನಾರು. ಎರಡು ಕೋಡ್, ಜಾಯಿನರ್ ಬೇಡ. ಬಾದಾಮಿಗೆ ಬಂದರೆ ಕಥೆಯೇ ಬೇರೆ. 543ರ ಪುಲಕೇಶಿಯ ಬಂಡೆಗಲ್ಲಿನ ಶಾಸನದಲ್ಲಿ ಶಕವರ್ಷ 465 ಎಂಬುದನ್ನು ಅಂಕಿಯಲ್ಲಿ ಬರೆದೇ ಇಲ್ಲ, ಪೂರ್ತಿ ಸಂಸ್ಕೃತದ ಮಾತಿನಲ್ಲಿದೆ. ಅಲ್ಲಿ ಟ್ಯಾಗ್ ಹಾಕಿ ಬೆಲೆ ಬರೆದರೆ ಸಾಕು. ಹೊಯ್ಸಳರ ಕಾಲಕ್ಕೆ ಬರುವ ಹೊತ್ತಿಗೆ ಶಕವರ್ಷಗಳು ಈಗ ನಾವು ಬರೆಯುವ ಕ್ರಮದಲ್ಲೇ, ಸ್ಥಾನಬೆಲೆಯ ಕನ್ನಡ ಅಂಕಿಗಳಲ್ಲಿ ಸಿಗುತ್ತವೆ. ಮೂರೂ ಬಗೆಯನ್ನು ಬೇರೆ ಬೇರೆಯಾಗಿ ಇಟ್ಟಿರುವುದರಿಂದ ಯಾವ ಶಾಸನ ಯಾವ ಕ್ರಮದ್ದು ಅಂತ ಒಂದೇ ಹುಡುಕಾಟದಲ್ಲಿ ಗೊತ್ತಾಗುತ್ತದೆ.

ಈಗ ಕೈಗೆತ್ತಿಕೊಂಡಿರುವುದು ಇಷ್ಟು ಹಳೆಯದಲ್ಲ. ಗೆಳತಿಯೊಬ್ಬಳ ಮನೆಯಲ್ಲಿ ಹಳೆಯ ಲೆಕ್ಕದ ಕಡತ ಇದೆ. ಕಪ್ಪು ಬಟ್ಟೆಯ ಮೇಲೆ ಬಳಪದಲ್ಲಿ ಬರೆದದ್ದು. ಅದರಲ್ಲಿ ಪೂರ್ಣ ಸಂಖ್ಯೆಗಳು ಕನ್ನಡ ಅಂಕಿಯಲ್ಲಿವೆ, ಭಿನ್ನರಾಶಿಗಳು ಗೆರೆಗಳಲ್ಲಿವೆ. ಒಂದು ನಿಂತ ಗೆರೆ ಕಾಲು, ಎರಡು ಅರೆ, ಮೂರು ಮುಕ್ಕಾಲು. ಓರೆ ಗೆರೆ ಒಂದಾದರೆ ವೀಸ, ಅಂದರೆ ಹದಿನಾರರಲ್ಲಿ ಒಂದು ಪಾಲು. ಈ ಗೆರೆಗಳಿಗೂ 2009ರಲ್ಲಿ ಯುನಿಕೋಡ್ 5.2ರಲ್ಲಿ ಕೋಡ್ ಸಿಕ್ಕಿತು, ಅಂಶುಮಾನ್ ಪಾಂಡೆ ಅವರ ಪ್ರಸ್ತಾವದಿಂದ. ಪಟ್ಟಿಯಲ್ಲಿ ಅವುಗಳ ಹೆಸರು ಉತ್ತರ ಭಾರತದ ಭಿನ್ನರಾಶಿ ಗುರುತುಗಳು ಅಂತಿದೆ. ಹಾಗಾಗಿ ಕನ್ನಡದವರು ಹುಡುಕುವಾಗ ದಾಟಿಕೊಂಡು ಹೋಗಿಬಿಡುತ್ತಾರೆ. ಆದರೆ ಇವನ್ನು ಬಳಸುವ ಲಿಪಿಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಇವು ಕನ್ನಡದ ಹಾಗೇ 3 ಬೈಟಿನವು, ಡೇಟಾಬೇಸಿಗೂ ತಕರಾರಿಲ್ಲ. ಐದು ವೀಸ ಬರೆಯಬೇಕಾದರೆ ಕಾಲಿನ ಗೆರೆ ಒಂದು, ಪಕ್ಕದಲ್ಲಿ ವೀಸದ ಗೆರೆ ಒಂದು. ಬ್ರಹ್ಮಗಿರಿಗೆ ಬರೆದ ಪ್ರೋಗ್ರಾಂನ ಕೂಡಿಸುವ ನಿಯಮವನ್ನೇ ಇದಕ್ಕೂ ಹಚ್ಚಿದೆ. ಮೊದಲ ಪುಟದ ಜಮೆ ಸರಿಯಾಗಿ ಬಂದಿದೆ, ಖರ್ಚಿನ ಕಡೆಯದನ್ನು ಈಗ ಟೈಪ್ ಮಾಡುತ್ತಿದ್ದೇವೆ.